ನೋವಿನ ಮದ್ದು, ಮನಸ್ಸಿನ ಮದ್ದು

ಬಹುಕಾಲದಿಂದ ಮಧುಮೇಹವಿರುವ ಹಿರಿಯರೊಬ್ಬರಿಗೆ ರಾತ್ರಿಯಾದೊಡನೆ ಅಂಗಾಲುಗಳು ಉರಿಯತೊಡಗುತ್ತವೆ. ಕೆಂಡದ ಮೇಲೆ ಕಾಲಿಟ್ಟಂತೆ, ಸೂಜಿಗಳಿಂದ ಚುಚ್ಚಿದಂತೆ, ಇರುವೆಗಳು ಹರಿದಾಡಿದಂತೆ. ಹೊದ್ದ ಹೊದಿಕೆ ತಗುಲಿದರೂ ಸಹಿಸಲಾಗದು. ವೈದ್ಯರು ಪರೀಕ್ಷಿಸಿ, ಮಲಗುವ ಮುನ್ನ ನುಂಗಲೆಂದು ಒಂದು ಸಣ್ಣ ಗುಳಿಗೆಯನ್ನು ಬರೆದುಕೊಡುತ್ತಾರೆ. ಮನೆಯಲ್ಲಿ ಓದುಬಲ್ಲ ಮಗನೋ ಮೊಮ್ಮಗಳೋ ಅದರ ಹೆಸರನ್ನು ಹುಡುಕಿ ನೋಡಿದರೆ, 'ಖಿನ್ನತೆಗೆ ಕೊಡುವ ಔಷಧ' ಎಂದು ಕಾಣುತ್ತದೆ. "ಇವರಿಗೇನು ಹುಚ್ಚು ಹಿಡಿದಿದೆಯೇ?" ಎಂದು ಮನೆಯವರು ಕೆರಳುತ್ತಾರೆ. ಗುಳಿಗೆ ಕಸದ ಬುಟ್ಟಿ ಸೇರುತ್ತದೆ, ಕಾಲಿನ ಉರಿ ಮಾತ್ರ ಇದ್ದಂತೆಯೇ ಇರುತ್ತದೆ.

ಆ ಗುಳಿಗೆಯ ಹೆಸರು ಅಮಿಟ್ರಿಪ್ಟಿಲೀನ್. ವೈದ್ಯರು ತಪ್ಪಿ ಬರೆದುದಲ್ಲ. ಮನಸ್ಸಿನ ಕಾಯಿಲೆಗೆಂದು ಹುಟ್ಟಿದ ಮದ್ದು ಕಾಲಿನ ಉರಿಗೆ ಏಕೆ ಒದಗುತ್ತದೆ, ಮೂರ್ಛೆರೋಗಕ್ಕೆಂದು ಹುಟ್ಟಿದ ಮದ್ದು ಕೆನ್ನೆಯ ನೋವಿಗೂ ಉನ್ಮಾದಕ್ಕೂ ಏಕೆ ಒದಗುತ್ತದೆ ಎಂಬುದು ಕೇವಲ ಕುತೂಹಲದ ವಿಷಯವಲ್ಲ. ಇದನ್ನು ತಿಳಿಯದೆ ಮದ್ದನ್ನು ಬಿಟ್ಟು ಕೆಟ್ಟವರೂ, ತಿಳಿಯದೆ ಎರಡು ಮದ್ದುಗಳನ್ನು ಬೆರೆಸಿ ಕೆಟ್ಟವರೂ ಉಂಟು. ಆದುದರಿಂದ ಈ ಲೇಖನದಲ್ಲಿ ನಾವು ಈ ಔಷಧಗಳ ಕುಲಗೋತ್ರಗಳನ್ನು ಸ್ವಲ್ಪ ವಿಚಾರಿಸೋಣ.

ಮೊದಲು ನೋವಿನ ಮಾತು. ಕಾಲಿಗೆ ಮುಳ್ಳು ಚುಚ್ಚಿತೆನ್ನೋಣ. ಅಲ್ಲಿಯ ಜೀವಕೋಶಗಳು ಗಾಯಗೊಂಡು ಕೆಲವು ರಾಸಾಯನಿಕ ವಸ್ತುಗಳು ಹುಟ್ಟುತ್ತವೆ. ಅವುಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ಗುಂಪು ಮುಖ್ಯವಾದುದು. ಇದು ನೋವಿನ ನರತುದಿಗಳನ್ನು ಚುರುಕುಗೊಳಿಸುತ್ತದೆ. ಎಂದೇ ಮುಳ್ಳು ಕಿತ್ತ ಮೇಲೆಯೂ ಆ ಜಾಗ ಊದಿಕೊಂಡು, ಮುಟ್ಟಿದರೆ ಸಾಕು ನೋಯುತ್ತದೆ. ನರತುದಿಯಲ್ಲಿ ಹುಟ್ಟಿದ ಸುದ್ದಿ ಬೆನ್ನುಹುರಿಯನ್ನು ತಲಪಿ, ಅಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟಿ ಮಿದುಳಿಗೆ ಏರುತ್ತದೆ. ಅಲ್ಲಿಯವರೆಗೂ ಅದು ಬರಿಯ ಸುದ್ದಿ. ಮಿದುಳು ಅದನ್ನು ಓದಿಕೊಂಡ ಮೇಲೆಯೇ ಅದಕ್ಕೆ ನೋವು ಎಂಬ ಹೆಸರು.

ಸುದ್ದಿಯನ್ನು ಅದು ಹುಟ್ಟುವ ಜಾಗದಲ್ಲಿಯೇ ತಗ್ಗಿಸುವ ಮದ್ದುಗಳು ಎಲ್ಲರಿಗೂ ಪರಿಚಿತವಾದವು. ಜರ್ಮನಿಯ ಬೇಯರ್ ಕಾರ್ಖಾನೆಯಲ್ಲಿ ೧೮೯೭ರಲ್ಲಿ ಫೆಲಿಕ್ಸ್ ಹಾಫ್‌ಮನ್ ತಯಾರಿಸಿದ ಆಸ್ಪಿರಿನ್ ಇವುಗಳಲ್ಲಿ ಹಿರಿಯದು. ಎಪ್ಪತ್ತು ವರ್ಷಕ್ಕೂ ಮಿಗಿಲಾಗಿ ಲೋಕವೆಲ್ಲ ಅದನ್ನು ನುಂಗಿತು. ಆದರೆ ಅದು ಕೆಲಸ ಮಾಡುವ ಬಗೆ ಯಾರಿಗೂ ತಿಳಿದಿರಲಿಲ್ಲ. ೧೯೭೧ರಲ್ಲಿ ಇಂಗ್ಲೆಂಡಿನ ಜಾನ್ ವೇನ್, ಆಸ್ಪಿರಿನ್ ಪ್ರೋಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನೇ ತಡೆಯುತ್ತದೆಂದು ತೋರಿಸಿಕೊಟ್ಟರು. ೧೯೮೨ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವೆಲ್ಲ ಇದೇ ದಾರಿಯವು. ಕೀಲುನೋವು, ಉಳುಕು, ಹಲ್ಲುನೋವು, ಮುಟ್ಟಿನ ನೋವು ಇವುಗಳಿಗೆ ಒದಗುತ್ತವೆ. ಆದರೆ ಪ್ರೋಸ್ಟಗ್ಲಾಂಡಿನ್ ಕೇವಲ ನೋವಿನ ದೂತನಲ್ಲ. ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುವುದೂ ಅದೇ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ನೋವನ್ನು ತಡೆಯಹೊರಟ ಗುಳಿಗೆ ಈ ಕಾವಲನ್ನೂ ಕಿತ್ತುಹಾಕುತ್ತದೆ. ಮದ್ದಿನಂಗಡಿಯಲ್ಲಿ ಕೇಳಿ ಪಡೆದು ತಿಂಗಳುಗಟ್ಟಲೆ ನುಂಗುವವರಲ್ಲಿ ಜಠರದ ಹುಣ್ಣು, ಮೂತ್ರಪಿಂಡದ ಹಾನಿ ಕಾಣಿಸಿಕೊಳ್ಳುವುದು ಈ ಕಾರಣದಿಂದ.

ಮೂತ್ರಪಿಂಡದ ಮಾತು ಬಂದಾಗ ರಣಹದ್ದುಗಳನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ನಮ್ಮ ದೇಶದಲ್ಲಿ ದನಗಳ ನೋವಿಗೂ ಡೈಕ್ಲೊಫೆನಾಕ್ ಕೊಡುತ್ತಿದ್ದರು. ಮದ್ದು ಮೈಯಲ್ಲಿರುವಾಗಲೇ ಸತ್ತ ದನದ ಮಾಂಸವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆಗಸವನ್ನು ತುಂಬಿದ್ದ ಹಕ್ಕಿ ಕೆಲವೇ ವರ್ಷಗಳಲ್ಲಿ ಕಾಣದಂತಾಯಿತು. ೨೦೦೪ರಲ್ಲಿ ಕಾರಣ ಬಯಲಾಯಿತು, ೨೦೦೬ರಲ್ಲಿ ಭಾರತವು ಪಶುವೈದ್ಯದಲ್ಲಿ ಈ ಮದ್ದನ್ನು ನಿಷೇಧಿಸಿತು. ಅಳಿದುಳಿದ ಹದ್ದುಗಳಿಗಾಗಿ ೨೦೧೨ರಲ್ಲಿ ನಮ್ಮ ರಾಮನಗರದ ರಾಮದೇವರಬೆಟ್ಟವನ್ನು ಅಭಯಧಾಮವೆಂದು ಸಾರಲಾಯಿತು. ಮನುಷ್ಯನು ಹದ್ದಿನಷ್ಟು ಸೂಕ್ಷ್ಮನಲ್ಲ, ನಿಜ. ಆದರೂ ಮೂತ್ರಪಿಂಡ ಮೊದಲೇ ದುರ್ಬಲವಾಗಿರುವ ಮುದುಕರಿಗೆ ಈ ಗುಳಿಗೆ ನಿರಪಾಯವಾದುದಲ್ಲ.

ಪ್ಯಾರಾಸಿಟಮಾಲ್ ಬೇರೆಯ ಜಾತಿ. ಕ್ರೋಸಿನ್, ಡೋಲೋ ಮುಂತಾದ ಹೆಸರುಗಳಲ್ಲಿ ಮನೆಮನೆಯಲ್ಲಿಯೂ ಇರುವುದು ಇದೇ. ಇದು ಊತವನ್ನು ಇಳಿಸದು. ಜ್ವರವನ್ನೂ ಸಾಧಾರಣ ನೋವನ್ನೂ ತಗ್ಗಿಸುತ್ತದೆ. ಜಠರಕ್ಕೆ ಸೌಮ್ಯವಾದುದು. ಡೆಂಗ್ಯೂ ಜ್ವರದ ಶಂಕೆಯಿರುವಾಗ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಮುಟ್ಟಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಆಗ ಕೊಡತಕ್ಕದ್ದು ಪ್ಯಾರಾಸಿಟಮಾಲ್ ಮಾತ್ರ. ಸೌಮ್ಯವೆಂದು ಎಷ್ಟಾದರೂ ನುಂಗಬಹುದೆಂದಲ್ಲ. ಪ್ರಾಯದವರಿಗೂ ದಿನಕ್ಕೆ ೪ ಗ್ರಾಂ ಮೀರಬಾರದು. ಮೀರಿದರೆ ಯಕೃತ್ತು ಕೆಡುತ್ತದೆ, ಮತ್ತು ಆ ಕೇಡು ಒಂದೆರಡು ದಿನ ಹೊರಗೆ ತೋರದೆ ಒಳಗೇ ಬೆಳೆಯುತ್ತದೆ. ಹೆಚ್ಚು ನುಂಗಿದ ಸಂಶಯವಿದ್ದರೆ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಬೇಗ ಕೊಟ್ಟರೆ ಫಲಿಸುವ ಪ್ರತಿಮದ್ದು ಉಂಟು. ನೆಗಡಿಯ ಗುಳಿಗೆಗಳಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುತ್ತದೆಂಬುದನ್ನು ಅನೇಕರು ಗಮನಿಸುವುದಿಲ್ಲ.

ಇನ್ನು ನೋವಿನ ಮದ್ದುಗಳಲ್ಲೆಲ್ಲ ಪುರಾತನವಾದ ಅಫೀಮು. ನಾವು ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಈ ಗಿಡದ ಬೀಜವೇ. ಆದರೆ ಮಾದಕವಾದ ಹಾಲು ಇರುವುದು ಹಸಿ ಕಾಯಿಯ ಸಿಪ್ಪೆಯಲ್ಲಿ, ಬೀಜದಲ್ಲಲ್ಲ. ಈ ಹಾಲಿನಿಂದ ಮಾರ್ಫಿನನ್ನು ಬೇರ್ಪಡಿಸಿದವನು ಸೆರ್ಟ್ಯೂರ್ನರ್ ಎಂಬ ಜರ್ಮನ್ ತರುಣ, ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಮಾರ್ಫಿನ್ ಮುಳ್ಳು ಚುಚ್ಚಿದ ಜಾಗದಲ್ಲಿ ಏನನ್ನೂ ಮಾಡದು. ಬೆನ್ನುಹುರಿಯಲ್ಲಿಯೂ ಮಿದುಳಿನಲ್ಲಿಯೂ ಸುದ್ದಿ ದಾಟುವ ಬಾಗಿಲುಗಳನ್ನು ಮುಚ್ಚುತ್ತದೆ. ಗಿಡದ ರಸಕ್ಕೆ ಸರಿಹೊಂದುವ ಬೀಗ ನಮ್ಮ ಮಿದುಳಿನಲ್ಲಿ ಏಕಿರಬೇಕು? ೧೯೭೩ರಲ್ಲಿ ಆ ಬೀಗಗಳು ಇರುವುದು ಸ್ಥಿರಪಟ್ಟಿತು. ಎರಡು ವರ್ಷಗಳ ಬಳಿಕ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಎಂಬವರು, ಮಿದುಳು ತಾನೇ ತಯಾರಿಸಿಕೊಳ್ಳುವ ಅಫೀಮಿನಂಥ ವಸ್ತುಗಳನ್ನು ಕಂಡುಹಿಡಿದರು. ನೋವನ್ನು ಅಡಗಿಸುವ ಏರ್ಪಾಡು ದೇಹದಲ್ಲಿ ಮೊದಲಿನಿಂದಲೂ ಇದ್ದಿತು. ಅಫೀಮು ಅದರ ಬೀಗದ ಕೈಯನ್ನು ಹೋಲುತ್ತದೆ, ಅಷ್ಟೆ.

ಅಫೀಮಿನ ಚಟದ ಭಯದಿಂದ ನಮ್ಮ ದೇಶದಲ್ಲಿ ೧೯೮೫ರ ಮಾದಕವಸ್ತು ಕಾಯಿದೆ ಬಹಳ ಬಿಗಿಯಾಗಿ ಬಂತು. ಬಿಗಿಯ ಪೆಟ್ಟು ಬಿದ್ದುದು ಕ್ಯಾನ್ಸರ್ ರೋಗಿಗಳ ಮೇಲೆ. ಅಫೀಮನ್ನು ಬೆಳೆದು ಪರದೇಶಗಳಿಗೆ ಕಳುಹುವ ದೇಶದಲ್ಲಿಯೇ, ಸಾಯುವವರು ನೋವಿನಿಂದ ಕೂಗುತ್ತಿದ್ದರೂ ಮಾರ್ಫಿನ್ ದೊರೆಯದಂತಾಯಿತು. ೨೦೧೪ರಲ್ಲಿ ಕಾಯಿದೆ ತಿದ್ದುಪಡಿಯಾಗಿ ವೈದ್ಯಕೀಯ ಬಳಕೆಗೆ ದಾರಿ ಸ್ವಲ್ಪ ಸುಗಮವಾಯಿತು. ಕ್ಯಾನ್ಸರಿನ ತೀವ್ರವಾದ ನೋವಿಗೆ ವೈದ್ಯರು ಅಳತೆಯಿಟ್ಟು ಮಾರ್ಫಿನ್ ಕೊಡುವಾಗ 'ಚಟವಾದೀತು' ಎಂದು ತಡೆಯುವುದು, ನಮ್ಮ ಅಭಿಪ್ರಾಯದಲ್ಲಿ, ಕರುಣೆಯ ಹೆಸರಿನ ಕ್ರೌರ್ಯ.

ಇಷ್ಟೆಲ್ಲ ಮದ್ದುಗಳಿದ್ದರೂ ಆ ಮಧುಮೇಹದ ಹಿರಿಯರ ಅಂಗಾಲಿನ ಉರಿಗೆ ಮೊದಲ ಗುಂಪಿನವು ಬಹುಮಟ್ಟಿಗೆ ನಿಷ್ಪ್ರಯೋಜಕ. ಏಕೆಂದರೆ ಅವರ ಕಾಲಿನಲ್ಲಿ ಗಾಯವಿಲ್ಲ, ಊತವಿಲ್ಲ. ಕೆಟ್ಟಿರುವುದು ಸುದ್ದಿ ಒಯ್ಯುವ ನರವೇ. ಊರಿನಲ್ಲಿ ಬೆಂಕಿಯಿಲ್ಲದಿದ್ದರೂ ಅಪಾಯದ ಗಂಟೆ ತಾನಾಗಿ ಬಾರಿಸುತ್ತಿದೆ. ಸರ್ಪಸುತ್ತು ಮಾಗಿದ ಮೇಲೆಯೂ ತಿಂಗಳುಗಟ್ಟಲೆ ಕಾಡುವ ನೋವು ಇದೇ ಬಗೆಯದು. ಮುಖ ತೊಳೆದರೆ, ಗಾಳಿ ಸೋಕಿದರೆ, ಒಂದು ತುತ್ತು ಅಗಿದರೆ ಸಾಕು, ಕೆನ್ನೆಯಲ್ಲಿ ಮಿಂಚು ಹೊಡೆದಂತಾಗುವ ಮುಖನರದ ಶೂಲೆಯೂ ಇದೇ ಬಗೆಯದು. ಇದಕ್ಕೆ ಮದ್ದು ದೊರೆತುದು ಯಾರೂ ನಿರೀಕ್ಷಿಸದ ಕಡೆಯಿಂದ. ಅದನ್ನು ತಿಳಿಯಲು ಈಗ ಮನಸ್ಸಿನ ಆಸ್ಪತ್ರೆಯತ್ತ ತಿರುಗಬೇಕು.

ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಮಾನಸಿಕ ರೋಗಕ್ಕೆ ಮದ್ದೆಂಬುದು ಇರಲಿಲ್ಲವೆಂದೇ ಹೇಳಬಹುದು. ಮಂಪರು ಬರಿಸುವ ಔಷಧಗಳಿದ್ದವು. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಸೆಳವು ಬರಿಸುವುದು ಇಂಥ ಉಪಾಯಗಳಿದ್ದವು. ಉಳಿದಂತೆ ಗೋಡೆ, ಕದ, ಬೀಗ. ೧೯೫೨ರಲ್ಲಿ ಪ್ಯಾರಿಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ ದಲೇ ಮತ್ತು ದನಿಕೆ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಹೊಸ ವಸ್ತುವನ್ನು ಉದ್ರಿಕ್ತ ರೋಗಿಗಳಿಗೆ ಕೊಟ್ಟರು. ಲಾಬೊರಿ ಎಂಬ ಶಸ್ತ್ರವೈದ್ಯ ಅದನ್ನು ಶಸ್ತ್ರಕ್ರಿಯೆಯ ರೋಗಿಗಳನ್ನು ಸಮಾಧಾನವಾಗಿರಿಸಲು ಬಳಸಿ, ಅದರ ವಿಚಿತ್ರ ಗುಣವನ್ನು ಮೊದಲೇ ಗುರುತಿಸಿದ್ದನು. ರೋಗಿಗಳು ನಿದ್ದೆಹೋಗಲಿಲ್ಲ; ಎಚ್ಚರವಾಗಿದ್ದೇ ಶಾಂತರಾದರು. ಕಿವಿಯಲ್ಲಿ ಕೇಳುತ್ತಿದ್ದ ಇಲ್ಲದ ಧ್ವನಿಗಳು, ಯಾರೋ ಕೊಲ್ಲಲು ಬರುತ್ತಾರೆಂಬ ಭ್ರಮೆ ವಾರಗಳಲ್ಲಿ ಕ್ಷೀಣಿಸಿದವು. ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಗೆ ಇಂದು ಕೊಡುವ ರಿಸ್ಪೆರಿಡೋನ್, ಓಲಂಜಪೀನ್ ಮುಂತಾದವು ಇದರ ಮುಂದಿನ ತಲೆಮಾರಿನವು. ಮಿದುಳಿನಲ್ಲಿ ಡೋಪಮಿನ್ ಎಂಬ ದೂತದ್ರವ್ಯದ ಅತಿಯಾದ ಆಟವನ್ನು ಇವು ಅಂಕೆಗೆ ತರುತ್ತವೆ. ಅದೇ ಡೋಪಮಿನ್ ಅಂಗಾಂಗಗಳ ಚಲನೆಗೂ ಬೇಕಾದುದರಿಂದ ಹಳೆಯ ಮದ್ದುಗಳಲ್ಲಿ ಕೈನಡುಕ, ಮೈಬಿಗಿತ ಸಾಮಾನ್ಯ. ಹೊಸವುಗಳಲ್ಲಿ ಅದು ಕಡಮೆ, ಬದಲಿಗೆ ಮೈತೂಕವೂ ರಕ್ತದ ಸಕ್ಕರೆಯೂ ಏರುವ ಭಯ. ಬೆಂಗಳೂರಿನಲ್ಲಿ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದುದು ೧೯೫೪ರಲ್ಲಿ, ಈ ಹೊಸ ಗಾಳಿ ಬೀಸತೊಡಗಿದ ಕಾಲದಲ್ಲಿಯೇ. ೧೯೭೪ರಲ್ಲಿ ಅದು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು.

ಇಲ್ಲಿ ನಮ್ಮ ನೆಲದ ಒಂದು ಬೇರಿನ ಕತೆಯನ್ನೂ ಹೇಳಬೇಕು. ಸರ್ಪಗಂಧಿಯನ್ನು ಉತ್ತರ ಭಾರತದ ಹಳ್ಳಿಗಳಲ್ಲಿ 'ಹುಚ್ಚಿನ ಮದ್ದು' ಎಂದೇ ಕರೆಯುತ್ತಿದ್ದರು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ೧೯೩೧ರಲ್ಲಿಯೇ ಇದು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಒದಗುವುದೆಂದು ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ರಕ್ತದೊತ್ತಡದ ಮೇಲೆ ಇದರ ಪರಿಣಾಮವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆಯೇ ಪಶ್ಚಿಮದ ಕಣ್ಣು ತೆರೆದುದು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪೀನನ್ನು ಬೇರ್ಪಡಿಸಿದರು. ಕೆಲವು ವರ್ಷ ಅದಕ್ಕೆ ಬಹಳ ಹೆಸರು ಬಂತು. ಬಳಿಕ ಇನ್ನೂ ಒಳ್ಳೆಯ ಮದ್ದುಗಳ ಮುಂದೆ ಮಾನಸಿಕ ಚಿಕಿತ್ಸೆಯಲ್ಲಿ ಅದು ಹಿಂದೆ ಸರಿಯಿತು. ಆದರೆ ಹೋಗುವಾಗ ಒಂದು ಸುಳಿವನ್ನು ಬಿಟ್ಟುಹೋಯಿತು. ರೆಸರ್ಪೀನ್ ನರಕೋಶಗಳಲ್ಲಿ ಕೂಡಿಟ್ಟ ಸೆರೊಟೊನಿನ್, ನಾರ್‌ಅಡ್ರೀನಲಿನ್ ಎಂಬ ದೂತದ್ರವ್ಯಗಳನ್ನು ಬರಿದುಮಾಡುತ್ತದೆ. ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಂಡಿತೆಂದು ಆಗ ವರದಿಯಾಯಿತು. ಈ ವರದಿಗಳನ್ನು ಮುಂದೆ ಹಲವರು ಪ್ರಶ್ನಿಸಿದ್ದಾರೆ. ಆದರೂ ಈ ದ್ರವ್ಯಗಳಿಗೂ ಮನಸ್ಸಿನ ಉತ್ಸಾಹಕ್ಕೂ ಏನೋ ನಂಟಿರಬೇಕೆಂಬ ಊಹೆ ಹುಟ್ಟಲು ಅವು ಕಾರಣವಾದವು.

ಅದೇ ಹೊತ್ತಿಗೆ ಎದುರು ದಿಕ್ಕಿನಿಂದಲೂ ಸುಳಿವು ಬಂತು. ಕ್ಷಯರೋಗಕ್ಕೆಂದು ಇಪ್ರೊನಯಾಜಿಡ್ ಕೊಟ್ಟಾಗ, ಅಮೆರಿಕದ ಆಸ್ಪತ್ರೆಯೊಂದರ ರೋಗಿಗಳು ರೋಗಕ್ಕೆ ಸಲ್ಲದಷ್ಟು ಉಲ್ಲಾಸಗೊಂಡರು. ಸ್ವಿಟ್ಜರ್ಲೆಂಡಿನಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು ಚಿತ್ತವಿಕಲತೆಗೆಂದು ಇಮಿಪ್ರಮೀನನ್ನು ಪರೀಕ್ಷಿಸಿದರು. ಅದಕ್ಕೆ ಅದು ಒದಗಲಿಲ್ಲ. ಆದರೆ ಖಿನ್ನತೆಯಿದ್ದವರು ಚೇತರಿಸಿಕೊಂಡರು. ಇದು ೧೯೫೭ರಲ್ಲಿ ಪ್ರಕಟವಾಯಿತು. ಅಮಿಟ್ರಿಪ್ಟಿಲೀನ್ ಇಮಿಪ್ರಮೀನಿನ ತಂಗಿ, ೧೯೬೧ರಲ್ಲಿ ಬಳಕೆಗೆ ಬಂದುದು. ಒಂದು ನರಕೋಶಕ್ಕೂ ಮತ್ತೊಂದಕ್ಕೂ ನಡುವೆ ಅತ್ಯಂತ ಕಿರಿದಾದ ಬಿರುಕು ಉಂಟು. ದೂತದ್ರವ್ಯ ಆ ಬಿರುಕಿನಲ್ಲಿ ಸುರಿದು ಸುದ್ದಿ ಮುಟ್ಟಿಸುತ್ತದೆ; ಬಳಿಕ ಅದನ್ನು ಮೊದಲ ಕೋಶ ಮರಳಿ ಹೀರಿಕೊಳ್ಳುತ್ತದೆ. ಈ ಹೀರಿಕೆಯನ್ನು ತಡೆದು ದ್ರವ್ಯ ಹೆಚ್ಚುಕಾಲ ನಿಲ್ಲುವಂತೆ ಮಾಡುವುದು ಈ ಮದ್ದುಗಳ ಕೆಲಸ. ಅಮೆರಿಕದಲ್ಲಿ ೧೯೮೭ರಲ್ಲಿ ಅನುಮತಿ ಪಡೆದ ಫ್ಲುಆಕ್ಸಿಟೀನ್, ಅನಂತರದ ಸರ್ಟ್ರಲೀನ್, ಎಸ್ಸಿಟಾಲೋಪ್ರಾಂ ಇವು ಮುಖ್ಯವಾಗಿ ಸೆರೊಟೊನಿನ್ ಒಂದರ ಮೇಲೆಯೇ ಕೆಲಸ ಮಾಡುತ್ತವೆ. ಖಿನ್ನತೆಗಲ್ಲದೆ ತೀವ್ರ ಆತಂಕಕ್ಕೂ, ಕೈ ತೊಳೆದದ್ದನ್ನೇ ತೊಳೆಯುವಂಥ ಗೀಳಿಗೂ ಕೊಡುತ್ತಾರೆ. 'ಸೆರೊಟೊನಿನ್ ಕಡಮೆಯಾದುದೇ ಖಿನ್ನತೆ' ಎಂದು ಸುಲಭವಾಗಿ ಹೇಳಿಬಿಡುವವರಿದ್ದಾರೆ. ಅಷ್ಟು ಸರಳವಾಗಿದ್ದರೆ ಮೊದಲ ದಿನವೇ ಗುಣ ಕಾಣಬೇಕಿತ್ತು. ಏಕೆಂದರೆ ಬಿರುಕಿನಲ್ಲಿ ದ್ರವ್ಯ ಹೆಚ್ಚುವುದು ಗಂಟೆಗಳಲ್ಲಿ, ಮನಸ್ಸು ಏಳುವುದು ವಾರಗಳಲ್ಲಿ. ನಡುವೆ ನರಕೋಶಗಳು ನಿಧಾನವಾಗಿ ಮರುಹೊಂದಿಕೊಳ್ಳುತ್ತವೆಂದು ಕಾಣುತ್ತದೆ. ಎಂಟು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡುವವರು ಫಲ ಬಿಡುವ ಮುನ್ನವೇ ಗಿಡ ಕಡಿದಂತೆ.

ಈಗ ಅಂಗಾಲಿಗೆ ಮರಳೋಣ. ನೋವಿನ ಸುದ್ದಿ ಕೆಳಗಿನಿಂದ ಮೇಲೇರುವಂತೆಯೇ, ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿಯುವ ನರಮಾರ್ಗಗಳೂ ಇವೆ. ಮೇಲೇರುವ ಸುದ್ದಿಯಲ್ಲಿ ಎಷ್ಟನ್ನು ಬಿಡಬೇಕು, ಎಷ್ಟನ್ನು ತಡೆಯಬೇಕೆಂದು ಇವು ನಿರ್ಣಯಿಸುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೋ ರಣರಂಗದಲ್ಲಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯ, ಭೀಕರವಾಗಿ ಗಾಯಗೊಂಡ ಸೈನಿಕರಲ್ಲಿ ಹೆಚ್ಚಿನವರು ಮಾರ್ಫಿನ್ ಬೇಡವೆಂದುದನ್ನು ಕಂಡು ಬೆರಗಾದನು. ಬದುಕಿ ಹಿಂದಿರುಗಿದೆವೆಂಬ ನೆಮ್ಮದಿ ಗಾಯದ ಸುದ್ದಿಯನ್ನು ದಾರಿಯಲ್ಲಿಯೇ ಮೆತ್ತಗಾಗಿಸಿತ್ತು. ಈ ಇಳಿಮಾರ್ಗಗಳ ದೂತದ್ರವ್ಯಗಳು ಯಾವುವು? ಅದೇ ಸೆರೊಟೊನಿನ್, ಅದೇ ನಾರ್‌ಅಡ್ರೀನಲಿನ್. ನೋವಿನ ಮಟ್ಟಿಗೆ ಮುಖ್ಯವಾಗಿ ಎರಡನೆಯದು. ಅಮಿಟ್ರಿಪ್ಟಿಲೀನ್ ಅದನ್ನು ಬೆನ್ನುಹುರಿಯಲ್ಲಿ ಹೆಚ್ಚುಹೊತ್ತು ನಿಲ್ಲಿಸಿ, ಸುಮ್ಮನೆ ಬಾರಿಸುತ್ತಿರುವ ಗಂಟೆಯ ಸದ್ದನ್ನು ತಗ್ಗಿಸುತ್ತದೆ. ಖಿನ್ನತೆಯೇ ಇಲ್ಲದವರಲ್ಲಿಯೂ ಅದು ನೋವನ್ನು ತಗ್ಗಿಸುತ್ತದೆ, ಅದೂ ಚಿಕ್ಕ ಪ್ರಮಾಣದಲ್ಲಿ. ನೋವಿಗೆ ರಾತ್ರಿ ೧೦ ಮಿಲಿಗ್ರಾಮಿನಿಂದ ತೊಡಗುವುದು ವಾಡಿಕೆ. ಖಿನ್ನತೆಗೆ ಬೇಕಾಗುವುದು ಇದರ ಹಲವು ಪಟ್ಟು. ಎಲ್ಲರಿಗೂ ಫಲಿಸುತ್ತದೆಂದಲ್ಲ. ಬಾಯಿ ಒಣಗುವುದು, ಮಲಬದ್ಧತೆ, ಬೆಳಗ್ಗೆ ಮಂಪರು ಉಂಟಾಗುತ್ತವೆ. ಗ್ಲಾಕೋಮಾ ಎಂಬ ಕಣ್ಣಿನ ಒತ್ತಡವಿರುವವರೂ, ಮೂತ್ರ ಕಟ್ಟುವ ಮುದುಕರೂ, ಹೃದಯದ ಬಡಿತ ತಪ್ಪುವವರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಇದೇ ಗುಣವುಳ್ಳ ಡ್ಯುಲಾಕ್ಸಿಟೀನ್ ಎಂಬ ಹೊಸ ಮದ್ದಿಗೆ ಅಮೆರಿಕದಲ್ಲಿ ೨೦೦೪ರಲ್ಲಿ ಖಿನ್ನತೆಗೂ ಮಧುಮೇಹದ ನರನೋವಿಗೂ ಅನುಮತಿ ದೊರೆಯಿತು.

ಮೂರ್ಛೆರೋಗದ ಮದ್ದುಗಳ ಕತೆಯೂ ಇಂಥದೇ. ಕಾರ್ಬಮಜಪೀನ್ ಉದ್ರೇಕಗೊಂಡ ನರಗಳು ಪಟಪಟನೆ ಸಿಡಿಯುವುದನ್ನು ತಡೆಯುತ್ತದೆ. ಸಿಡಿತ ಮಿದುಳಿನಲ್ಲಾದರೆ ಸೆಳವು, ಮುಖದ ನರದಲ್ಲಾದರೆ ಕೆನ್ನೆಯ ಶೂಲೆ. ಸ್ವೀಡನ್ನಿನ ಬ್ಲೋಮ್ ಎಂಬ ವೈದ್ಯರು ೧೯೬೨ರಲ್ಲಿ ಇದನ್ನು ಕೆನ್ನೆಯ ಶೂಲೆಗೆ ಬಳಸಿದ ವರದಿ ನೀಡಿದರು. ಇಂದಿಗೂ ಅದಕ್ಕೆ ಮೊದಲ ಮದ್ದು ಇದೇ. ಉನ್ಮಾದಕ್ಕೂ ಕೊಡುತ್ತಾರೆ. ಸೇವಿಸತೊಡಗಿದ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡರೆ ಒಡನೆ ವೈದ್ಯರ ಬಳಿ ಹೋಗಬೇಕು. ಗಾಬಪೆಂಟಿನ್, ಪ್ರೀಗಾಬಲಿನ್‌ಗಳು ಇದೇ ಬಳಗದಲ್ಲಿ ಹುಟ್ಟಿ ಈಗ ಬಹುಮಟ್ಟಿಗೆ ನರನೋವಿಗೇ ಬಳಕೆಯಾಗುತ್ತಿವೆ.

ಆತಂಕಕ್ಕೂ ನಿದ್ರಾಹೀನತೆಗೂ ಕೊಡುವ ಡಯಜಪಾಂ, ಅಲ್‌ಪ್ರಜೋಲಾಂಗಳ ವಿಷಯವಾಗಿ ಎರಡು ಮಾತು ಸಾಕು. ಅವು ಗಂಟೆಯೊಳಗೆ ಗುಣ ತೋರಿಸುತ್ತವೆ. ಎಂದೇ ಜನಪ್ರಿಯ, ಎಂದೇ ಅಪಾಯ. ಕೆಲವು ವಾರ ನಿತ್ಯ ನುಂಗಿದರೆ ಮಿದುಳು ಅವನ್ನು ಬೇಡತೊಡಗುತ್ತದೆ. ಥಟ್ಟನೆ ನಿಲ್ಲಿಸಿದರೆ ನಡುಕ, ಕೆಲವೊಮ್ಮೆ ಸೆಳವೂ ಬರುತ್ತದೆ. ವೈದ್ಯರ ಸಲಹೆಯಂತೆ ಇಳಿಸುತ್ತ ಬರಬೇಕು. ಖಿನ್ನತೆಯ ಮದ್ದುಗಳನ್ನೂ ಮೂರ್ಛೆಯ ಮದ್ದುಗಳನ್ನೂ ಹಾಗೆಯೇ ಮೆಲ್ಲಗೆ ಬಿಡಿಸಬೇಕು.

ಕೊನೆಗೆ ಉಳಿದುದು ಲಿಥಿಯಂ. ಇದು ಒಂದು ಸರಳ ಧಾತು, ಉಪ್ಪಿನ ಸೋಡಿಯಮ್ಮಿನ ದಾಯಾದಿ. ಆಸ್ಟ್ರೇಲಿಯದ ಜಾನ್ ಕೇಡ್ ೧೯೪೯ರಲ್ಲಿ ಇದನ್ನು ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದರು. ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಎಂದು ತೂಗುವ ರೋಗದಲ್ಲಿ ತೊಟ್ಟಿಲನ್ನು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಮದ್ದು ಇಂದಿಗೂ ಅಪರೂಪ. ಈ ರೋಗದವರಲ್ಲಿ ಆತ್ಮಹತ್ಯೆಯನ್ನು ಕಡಮೆಮಾಡುವಂತೆ ಕಾಣುವ ಮದ್ದು ಎಂಬ ಹೆಗ್ಗಳಿಕೆಯೂ ಇದಕ್ಕಿದೆ. ಆದರೆ ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಮೆ. ಆದುದರಿಂದಲೇ ಆಗಾಗ ರಕ್ತ ಪರೀಕ್ಷಿಸಿ ಮಟ್ಟವನ್ನು ಅಳೆಯುತ್ತಾರೆ.

ನೋವಿನ ಮದ್ದೂ ಮನಸ್ಸಿನ ಮದ್ದೂ ಒಂದನ್ನೊಂದು ಅತ್ಯಂತ ಅಪಾಯಕರವಾಗಿ ಸಂಧಿಸುವುದು ಇಲ್ಲಿಯೇ. ಲಿಥಿಯಂ ಮೈಯಿಂದ ಹೊರಹೋಗಲು ಮೂತ್ರಪಿಂಡವಲ್ಲದೆ ಬೇರೆ ದಾರಿಯಿಲ್ಲ. ಹಲವು ವರ್ಷ ಲಿಥಿಯಂ ಸೇವಿಸಿ ನೆಮ್ಮದಿಯಿಂದಿರುವ ವ್ಯಕ್ತಿ ಮೊಣಕಾಲು ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನನ್ನೋ ಡೈಕ್ಲೊಫೆನಾಕನ್ನೋ ತಂದು ನಾಲ್ಕಾರು ದಿನ ನುಂಗಿದರೆ, ಮೂತ್ರಪಿಂಡ ಲಿಥಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುತ್ತದೆ, ವಾಂತಿ ಭೇದಿ ತೊಡಗುತ್ತದೆ, ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಕುಡಿದವರೆಂದು ಜನ ನಗುತ್ತಾರೆ. ಇದು ಆಸ್ಪತ್ರೆಗೆ ಒಯ್ಯಬೇಕಾದ ವಿಷ. ಬೇಸಗೆಯ ಬೆವರಿನಿಂದಲೋ ಭೇದಿಯಿಂದಲೋ ಮೈಯ ನೀರು ಬತ್ತಿದಾಗಲೂ ಹೀಗಾಗಬಹುದು. ಇಂಥವರಿಗೆ ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್ ಮೇಲು. ಹಾಗೆಯೇ ಫ್ಲುಆಕ್ಸಿಟೀನ್ ಜಾತಿಯ ಮದ್ದು ನುಂಗುವವರು ಆಸ್ಪಿರಿನ್ ಜಾತಿಯದನ್ನೂ ಸೇರಿಸಿಕೊಂಡರೆ ಜಠರದಲ್ಲಿ ರಕ್ತ ಸೋರುವ ಸಂಭವ ಹೆಚ್ಚು. ಟ್ರಾಮಡಾಲ್ ಎಂಬ ನೋವಿನ ಗುಳಿಗೆಯನ್ನು ಸೇರಿಸಿಕೊಂಡರೆ ಸೆರೊಟೊನಿನ್ ಮಿತಿಮೀರಿ ಜ್ವರ, ನಡುಕ, ತಳಮಳ, ಕೆಲವೊಮ್ಮೆ ಸೆಳವು ಬರುವುದುಂಟು.

ಮನಸ್ಸಿನ ಮದ್ದು ನುಂಗುವುದನ್ನು ಮುಚ್ಚಿಡುವ ರೂಢಿ ನಮ್ಮಲ್ಲಿದೆ. ಮೊಣಕಾಲಿನ ವೈದ್ಯರಿಗೆ ಆ ಚೀಟಿಯನ್ನು ತೋರಿಸುವುದಿಲ್ಲ, ನಂಟರ ಮುಂದೆ ಗುಳಿಗೆಯ ಹಾಳೆಯನ್ನು ತೆಗೆಯುವುದಿಲ್ಲ. ಎರಡು ಚೀಟಿಗಳನ್ನೂ ಒಂದೇ ಚೀಲದಲ್ಲಿಟ್ಟುಕೊಂಡು, ಹಲ್ಲಿನ ವೈದ್ಯರಾದರೂ ಸರಿಯೆ, ಮದ್ದಿನಂಗಡಿಯವರಾದರೂ ಸರಿಯೆ, ಕೇಳುವ ಮೊದಲೇ ಮುಂದಿಡಬೇಕು.